ಡೊಂಬಿವಲಿಯ ಹಸಿ ಹಲಗೆ

ಜುಲೈ ತಿಂಗಳ ಒಂದು ಬೆಳಿಗ್ಗೆ ಹುಬ್ಬಳ್ಳಿಯಿಂದ ಹೊರಟಾಗ ನನ್ನ ಚೀಲದಲ್ಲಿ ಎರಡು ಜೊತೆ ಬಟ್ಟೆ, ಒಂದು ಕಿಲೋ ಧಾರವಾಡ ಪೇಡೆ, ಕಾಲುಚೀಲದೊಳಗೆ ಸುತ್ತಿಟ್ಟ ಒಂದು ಥರ್ಮಾಮೀಟರ್ ಇದ್ದವು. ಪೇಡೆ ಗೆಳೆಯ ವಾದಿರಾಜನ ಮನೆಗೆ, ಥರ್ಮಾಮೀಟರ್ ಅವನು ಕಂಡುಹಿಡಿದ ಹಲಗೆಯ ಪರೀಕ್ಷೆಗೆ. ಹೊಟ್ಟೆಕಿಚ್ಚನ್ನೂ ಜೊತೆಗೆ ಒಯ್ದಿದ್ದೆ. ಅದಕ್ಕೆ ಚೀಲ ಬೇಕಾಗಿರಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಹುಬ್ಬಳ್ಳಿಯ ಹೊರಗೆ ರಟ್ಟು, ಕಾಗದ ತಯಾರಿಸುವ ಸಣ್ಣ ಕಾರ್ಖಾನೆಯೊಂದರಲ್ಲಿ ನಾನು ಮುಖ್ಯ ಕೆಮಿಸ್ಟ್ ಆಗಿದ್ದೆ. ‘ಮುಖ್ಯ’ ಎನ್ನುವುದು ಹೆಸರಿಗೆ, ಇದ್ದವನು ನಾನೊಬ್ಬನೇ. ವಾದಿರಾಜ ಹದಿನೈದು ಹದಿನಾರು ವರ್ಷ ಹಿಂದೆ ಇದೇ ಕಾರ್ಖಾನೆಗೆ ನನ್ನ ಕೈಕೆಳಗೆ ಸೇರಿದ ಉಡುಪಿ ಕಡೆಯ ಹುಡುಗ. ಠಾಣೆಯ ಪ್ರಯೋಗಾಲಯವೊಂದಕ್ಕೆ ಜನ ಬೇಕೆಂಬ ಜಾಹೀರಾತನ್ನು ಪತ್ರಿಕೆಯಿಂದ ಕತ್ತರಿಸಿದವನು ನಾನು. ನನಗೇ ಎಂದು ಕತ್ತರಿಸಿದ್ದೆ. ಆಮೇಲೆ ಮುಂಬಯಿ ಕಡೆಯ ನೀರು, ಗದ್ದಲ, ಬಾಡಿಗೆ ಮನೆ ಎಲ್ಲ ನೆನೆದು ಧೈರ್ಯ ಸಾಲದೆ, ‘ನೀ ಹೋಗಪಾ’ ಎಂದು ಅವನ ಕೈಗಿಟ್ಟೆ. ಅವನು ಹೋದ. ಅಲ್ಲಿ ಡಾಕ್ಟರೇಟ್ ಮಾಡಿದ, ರದ್ದಿ ಕಾಗದವನ್ನು ಕುದಿಸದೆ ಬೆಚ್ಚನೆ ನೀರಿನಲ್ಲೇ ಅರೆದು ಹೊಸ ಕಾಗದ ಮಾಡುವ ದಾರಿ ಕಂಡುಹಿಡಿದ. ಈಗ ನೌಕರಿ ಬಿಟ್ಟು ಡೊಂಬಿವಲಿಯಲ್ಲಿ ಸ್ವಂತ ಫ್ಯಾಕ್ಟರಿ ಹಾಕಿ, ಶಾಖವನ್ನು ಹೊರಗೆ ಬಿಡದ ಹಲಗೆ ತಯಾರಿಸಿ ಪತ್ರಿಕೆಯಲ್ಲಿ ಫೋಟೋ ಬರುವಷ್ಟು ದೊಡ್ಡವನಾಗಿದ್ದ.

ಆ ಫೋಟೋವನ್ನು ನಮ್ಮ ಸಾಹುಕಾರರು ನೋಡಿದ್ದೇ ಈ ಪ್ರಯಾಣಕ್ಕೆ ಕಾರಣ. ಕಾಗದ ಒಣಗಿಸುವ ಸಿಲಿಂಡರುಗಳಿಂದ ಶಾಖವೆಲ್ಲ ಹೊರಗೆ ಹೋಗಿ ನಮ್ಮಲ್ಲಿ ಕಲ್ಲಿದ್ದಲು ಸುಮ್ಮನೆ ಉರಿಯುತ್ತಿತ್ತು. ಸಿಲಿಂಡರುಗಳ ಸುತ್ತ ಈ ಹಲಗೆಯ ಹೊದಿಕೆ ಕಟ್ಟಿಸಬೇಕೆಂದು ಅವರ ವಿಚಾರ.

“ಹೋಗಿ ಪರೀಕ್ಷಾ ಮಾಡಿ ಬಾ ಮಲ್ಲಿಕಾರ್ಜುನ. ನೀ ಹೂಂ ಅಂದ್ರ ಆರ್ಡರ್ ಕೊಡೂದು, ಇಲ್ಲಂದ್ರ ಇಲ್ಲ. ನಿನ್ನ ಅಂಕಿ ಇವತ್ತಿನ ತನಕಾ ಸುಳ್ಳಾಗಿಲ್ಲ,” ಎಂದರು.

ಮಧ್ಯಾಹ್ನ ಮಿರಜದಲ್ಲಿ ಸಣ್ಣ ಹಳಿಯ ಗಾಡಿ ಇಳಿದು ಸಂಜೆಯ ದೊಡ್ಡ ಹಳಿಯ ಗಾಡಿ ಹತ್ತಿದೆ. ಮಿರಜದ ಉಪಾಹಾರ ಗೃಹದಲ್ಲಿ ಉಸಳ್ ಎಂಬ ಕಾಳಿನ ಪಲ್ಯ ಮತ್ತು ಎರಡು ಪಾವು ತಿಂದೆ. ಖಾರ ಹೆಚ್ಚಾಗಿ ಪುಣೆಯವರೆಗೂ ಬಿಕ್ಕಳಿಕೆ ನಿಲ್ಲಲಿಲ್ಲ. ಬೆಳಕು ಹರಿಯುವಾಗ ಗಾಡಿ ಘಟ್ಟ ಇಳಿದಿತ್ತು. ಕಲ್ಯಾಣದಲ್ಲಿ ಮಳೆ ಜೋರಾಗಿ ಸುರಿಯುತ್ತಿತ್ತು.

ಡಬ್ಬಿಯ ಬಾಗಿಲಿಗೇ ಬಂದು ನಿಂತಿದ್ದ ವಾದಿರಾಜ. ತಲೆಗೂದಲು ಒಂದೂ ನರೆತಿರಲಿಲ್ಲ. ನನ್ನದು ಅರ್ಧ ಉದುರಿತ್ತು, ಉಳಿದದ್ದು ಬೆಳ್ಳಗಾಗಿತ್ತು. ಮೊದಲ ಕಿಚ್ಚು ಹತ್ತಿದ್ದು ಅಲ್ಲೇ, ಪ್ಲಾಟ್‌ಫಾರ್ಮಿನ ಮೇಲೆ.

“ಮಲ್ಲಣ್ಣ! ಬನ್ನಿ ಮಾರಾಯ್ರೆ, ಎಷ್ಟು ವರ್ಷ ಆಯ್ತು!” ಎಂದು ಚೀಲ ಕಸಿದುಕೊಂಡ. “ಚೀಲ ಎದೆಗೆ ಹಿಡ್ಕೊಳ್ಳಿ, ಲೋಕಲ್‌ನಲ್ಲಿ ಹಿಂದೆ ಬಿಟ್ರೆ ಹೋಯ್ತು,” ಎಂದು ಮತ್ತೆ ನನ್ನ ಕೈಗೇ ಕೊಟ್ಟ.

ಕಲ್ಯಾಣದಿಂದ ಡೊಂಬಿವಲಿಗೆ ಲೋಕಲ್‌ನಲ್ಲಿ ಹೆಚ್ಚು ಹೊತ್ತಿಲ್ಲ. ಆದರೆ ಬೆಳಗಿನ ಆ ನೂಕುನುಗ್ಗಲಲ್ಲಿ ನನ್ನ ಎರಡೂ ಕಾಲು ಒಟ್ಟಿಗೆ ನೆಲಕ್ಕೆ ತಾಗಿದ್ದು ಇಳಿದ ಮೇಲೆಯೇ. ವಾದಿರಾಜ ಮಾತ್ರ ಅಷ್ಟರಲ್ಲೇ ಇಬ್ಬರೊಂದಿಗೆ ಮರಾಠಿಯಲ್ಲಿ ಹರಟೆ ಹೊಡೆದಿದ್ದ. ಸ್ಟೇಷನ್ನಿನ ಹೊರಗೆ ಹೂವಿನವಳು ಅವನಿಗೆ ‘ಡಾಕ್ಟರ್’ ಎಂದು ನಮಸ್ಕಾರ ಮಾಡಿದಳು. ನಮ್ಮೂರಲ್ಲಿ ಕಾರ್ಖಾನೆಯ ಗೇಟಿನ ಕಾವಲುಗಾರನೇ ಎಷ್ಟೋ ಸಲ ನನ್ನ ಹೆಸರು ಮರೆಯುತ್ತಾನೆ.

ಅವನ ಮನೆ ಮೂರನೆಯ ಮಹಡಿಯಲ್ಲಿ, ಎರಡು ಕೋಣೆ ಮತ್ತು ಒಂದು ಅಡಿಗೆಮನೆ. ನಮ್ಮ ಮನೆಯ ಪಡಸಾಲೆಯಲ್ಲೇ ಇಂಥ ಮನೆ ಕೂತುಬಿಡುತ್ತಿತ್ತು. ಅದನ್ನು ಕಂಡು ತುಸು ಹಾಯೆನಿಸಿತು, ಸುಳ್ಳೇಕೆ ಹೇಳಲಿ. ಆದರೆ ಗೋಡೆಯ ಮೇಲೆ ಚೌಕಟ್ಟು ಹಾಕಿದ ಮೂರು ಪ್ರಶಸ್ತಿ ಪತ್ರ ಕಂಡೊಡನೆ ಆ ಹಾಯಿ ಹೋಯಿತು. ಮೂರನ್ನೂ ಓದಿದೆ. ಅವುಗಳ ಕಾಗದ ಕಳಪೆಯದು, ಅಂಚು ಆಗಲೇ ಹಳದಿಯಾಗುತ್ತಿದೆ ಎಂಬುದನ್ನೂ ಗಮನಿಸಿದೆ.

ಅವನ ಹೆಂಡತಿ ಸುಮತಿ ನೀರುದೋಸೆ, ತೆಂಗಿನಕಾಯಿ ಚಟ್ನಿ ಬಡಿಸಿದರು. ಗಂಡ ಹೆಂಡತಿ ಮಾತಾಡಿದ್ದೆಲ್ಲ ತುಳುವಿನಲ್ಲಿ. ಹನ್ನೆರಡು ವರ್ಷದ ಮಗಳು ಶುಭಾಳನ್ನು “ಕನ್ನಡ ಬರ್ತೈತೇನವಾ?” ಎಂದು ಕೇಳಿದೆ. “ಕಳ್ತ, ಪಣ ಬೋಲ್ತಾ ಯೇತ್ ನಾಹೀ,” ಎಂದು ನಾಚಿಕೊಂಡಳು. ತಿಳಿಯುತ್ತದೆ, ಮಾತಾಡಲು ಬರುವುದಿಲ್ಲವಂತೆ. ಇದೊಂದರಲ್ಲಿ ನಮ್ಮ ಮನೆ ಮುಂದಿದೆ ಎಂದುಕೊಂಡು ಇನ್ನೆರಡು ದೋಸೆ ಹಾಕಿಸಿಕೊಂಡೆ.

ವಾದಿರಾಜ ಸ್ನಾನಕ್ಕೆ ಹೋದಾಗ ಸುಮತಿ ತಗ್ಗಿದ ದನಿಯಲ್ಲಿ ಹೇಳಿದರು: “ಅವ್ರು ನಿಮ್ಮತ್ರ ಹೇಳುದಿಲ್ಲ. ಸಣ್ಣ ಸಣ್ಣ ಕೆಲಸ ಬರ್ತಾ ಉಂಟು, ಆದ್ರೆ ಒಂದೇ ಒಂದು ಮಿಲ್ಲಿನ ಆರ್ಡರ್ ಇನ್ನೂ ಬರ್ಲಿಲ್ಲ. ಇದೂ ಬರದಿದ್ರೆ ದೀಪಾವಳಿ ಆದ್ಮೇಲೆ ಫ್ಯಾಕ್ಟರಿ ಮುಚ್ಚಿ ಪುನಃ ನೌಕರಿಗೆ ಹೋಗ್ತೇನೆ ಅಂತಾರೆ. ನೀವು ಬರ್ತೀರಿ ಅಂತ ಗೊತ್ತಾದ ಮೇಲೆ ಸ್ವಲ್ಪ ನಗ್ತಿದ್ದಾರೆ.”

ನಾನು ತಲೆಯಾಡಿಸಿ ಚಟ್ನಿ ಕೇಳಿದೆ.

ಮರುದಿನ ಅವನು ನನ್ನನ್ನು ಠಾಣೆಗೆ ಕರೆದೊಯ್ದ. ನಿಧಾನದ ಲೋಕಲ್‌ನಲ್ಲಿ ಹೋದದ್ದರಿಂದ ಮುಂಬ್ರಾ ಗುಡ್ಡದಿಂದ ಇಳಿಯುವ ಮಳೆಗಾಲದ ಝರಿಗಳೆಲ್ಲ ಕಾಣಿಸಿದವು, ಇನ್ನೊಂದು ಕಡೆ ಕೆಸರು ಬಣ್ಣದ ಸಮುದ್ರದ ಖಾಡಿ. ಠಾಣೆಯಿಂದ ವರ್ತಕ ನಗರಕ್ಕೆ ಬಸ್ಸು. ಮೊದಲ ವರ್ಷ ಅವನು ಮೂವರೊಂದಿಗೆ ಇದ್ದ ಕೋಣೆಯನ್ನು ಕೆಳಗಿನಿಂದಲೇ ತೋರಿಸಿದ. “ಅಲ್ಲಿ ಕೂತೇ ಬೆಚ್ಚನೆ ನೀರಿನ ವಿಚಾರ ಹೊಳೆದದ್ದು ಮಲ್ಲಣ್ಣ. ಸೀಮೆಎಣ್ಣೆ ಸಿಗ್ತಿರ್ಲಿಲ್ಲ, ಸ್ನಾನಕ್ಕೆ ನೀರು ಕುದಿಸುವ ಹಾಗಿಲ್ಲ. ರದ್ದಿ ಕಾಗದಕ್ಕೆ ಮಾತ್ರ ಯಾಕೆ ಕುದಿಯುವ ನೀರು ಅಂತ ಅನ್ನಿಸ್ತು.”

ನನ್ನ ಮನೆಯಲ್ಲಿ ಬಚ್ಚಲ ಹಂಡೆಗೆ ಕಟ್ಟಿಗೆಯ ಕೊರತೆ ಯಾವತ್ತೂ ಆಗಿಲ್ಲ. ನನಗೆ ಏನೂ ಹೊಳೆಯದಿರಲು ಅದೇ ಕಾರಣವಿರಬೇಕೆಂದು ಸಮಾಧಾನ ಮಾಡಿಕೊಂಡೆ.

ಎಂಟು ವರ್ಷ ಅವನು ದುಡಿದ ಪ್ರಯೋಗಾಲಯದ ಮುಂದೆ ಮುದುಕ ಪಹರೆಯವ ಎದ್ದು ಸಲಾಮು ಹೊಡೆದ. ಒಳಗಿನಿಂದ ಇಬ್ಬರು ಎಳೆಯ ವಿಜ್ಞಾನಿಗಳು ಓಡಿ ಬಂದರು. ವಾದಿರಾಜ ನನ್ನನ್ನು ತೋರಿಸಿ, “ನಮ್ಮ ಊರ ಕಡೆಯವರು, ಕಾಗದದ ಮಿಲ್ಲಿನವರು,” ಎಂದನಷ್ಟೆ. ಅಷ್ಟೆ! ಕೈ ಹಿಡಿದು ಕೆಲಸ ಕಲಿಸಿದವನು, ಜಾಹೀರಾತು ಕತ್ತರಿಸಿ ಕೊಟ್ಟವನು ಈಗ ಬರೀ ಊರ ಕಡೆಯವನು. ಅವರು ತರಿಸಿದ ಚಹಾ ನನಗೆ ಕಹಿಯಾಯಿತು.

ಅಲ್ಲಿಂದ ಬೇಲಾಪುರ ರಸ್ತೆಯ ಬಸ್ಸು ಹಿಡಿದು ತುರ್ಭೆಗೆ ಹೋದೆವು. ರಸ್ತೆಯ ಎರಡೂ ಬದಿ ರಾಸಾಯನಿಕ ಕಾರ್ಖಾನೆಗಳು. ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ಮೂಗು ಉರಿ. ಹೊಸ ಮುಂಬಯಿ ಎಂದು ಕರೆಯುವ ಊರು ಆಗ ಅರ್ಧ ಕೆಸರು, ಅರ್ಧ ಸಿಮೆಂಟು. ಅಲ್ಲಿ ಆಲೂಗಡ್ಡೆ ಇಡುವ ಶೀತಲ ಗೋದಾಮು ಒಂದರ ಒಳಗೋಡೆಗೆ ವಾದಿರಾಜನ ಹಲಗೆ ಹೊಡೆದಿದ್ದರು. ಮ್ಯಾನೇಜರು ಕಾರ್ಕಳ ಕಡೆಯವರು, ಮಾತಿನ ಮಲ್ಲ.

“ಮೊದ್ಲು ಈ ತಂಪಿನ ಮಿಷನ್ನಿಗೆ ಒಂದು ನಿಮಿಷ ಪುರುಸೊತ್ತು ಇರ್ಲಿಲ್ಲ ಸಾರ್. ಈಗ ನೋಡಿ, ಕಾಲು ಗಂಟೆ ಆಯ್ತು, ನಿದ್ದೆ ಮಾಡ್ತಾ ಉಂಟು. ನಮ್ಮ ಡಾಕ್ಟ್ರ ಹಲಗೆ ಅಂದ್ರೆ ಎಂತ ಅಂದ್ಕೊಂಡಿದ್ದೀರಿ?” ಎಂದು ಗೋಡೆಯನ್ನು ಎಮ್ಮೆಯ ಬೆನ್ನು ಸವರಿದಂತೆ ಸವರಿದರು.

ನಾನೂ ಕೈಯಿಟ್ಟು ನೋಡಿದೆ. ಕೆಲಸ ಚೆನ್ನಾಗಿತ್ತು. ಕಾಗದದ ಮಿಲ್ಲುಗಳು ಚರಂಡಿಗೆ ಬಿಡುವ ನಾರಿನ ರಾಡಿ, ಭಿವಂಡಿಯ ಮಗ್ಗಗಳಡಿ ಉದುರುವ ಹತ್ತಿಯ ಧೂಳು, ಭತ್ತದ ಹೊಟ್ಟಿನ ಬೂದಿ, ಸುಣ್ಣ: ಇಷ್ಟರಿಂದ ಮಾಡಿದ ಹಲಗೆ ಅದು. ನಮ್ಮ ಕಾರ್ಖಾನೆಯ ಹಿಂದೆ ಆ ರಾಡಿಯನ್ನು ಇಪ್ಪತ್ತು ವರ್ಷದಿಂದ ಮೂಗು ಮುಚ್ಚಿಕೊಂಡು ದಾಟುತ್ತಿದ್ದೇನೆ. ಇದು ನನಗೇಕೆ ಹೊಳೆಯಲಿಲ್ಲ? ಡೊಂಬಿವಲಿಗೆ ವಾಪಸು ಬರುವವರೆಗೂ ಇದೇ ಪ್ರಶ್ನೆ ತಲೆಯನ್ನು ಕೊರೆಯಿತು. ವಾದಿರಾಜ ದಾರಿಯುದ್ದಕ್ಕೂ ಮಾತಾಡುತ್ತಿದ್ದ, ನಾನು ಹೂಂಗುಟ್ಟುತ್ತಿದ್ದೆ.

ಮೂರನೆಯ ದಿನ ಪರೀಕ್ಷೆ. ಅದನ್ನು ಹೇಳುವ ಮೊದಲು ನಮ್ಮ ಕಸುಬಿನ ಎರಡು ಪದ್ಧತಿ ಹೇಳಬೇಕು. ಕಾಗದವಾಗಲಿ ರಟ್ಟಾಗಲಿ ಗಾಳಿಯ ತೇವ ಹೀರುವ ವಸ್ತು. ಹಾಗಾಗಿ ತಂದ ಮಾದರಿಯನ್ನು ತಂದ ಕೂಡಲೇ ತೂಗುವುದಿಲ್ಲ, ಪರೀಕ್ಷಿಸುವುದಿಲ್ಲ. ಒಂದು ಹಗಲು ಒಂದು ರಾತ್ರಿ ಒಣ ಕೋಣೆಯಲ್ಲಿ ನೇತುಹಾಕಿ ಆಮೇಲೆ ಮುಟ್ಟುತ್ತೇವೆ. ಮಳೆಗಾಲದಲ್ಲಂತೂ ಇದನ್ನು ತಪ್ಪಿಸುವಂತೆಯೇ ಇಲ್ಲ. ಎರಡನೆಯದು, ಮಾದರಿಯ ಮೂಲೆಯಲ್ಲಿ ಪೆನ್ಸಿಲಿನಿಂದ ಬರೆಯುವುದು: ಯಾರು ತೆಗೆದರು, ಎಲ್ಲಿಂದ ತೆಗೆದರು, ಯಾವ ಸ್ಥಿತಿಯಲ್ಲಿತ್ತು. ಆ ಮೂಲೆಯಲ್ಲಿ ಸುಳ್ಳು ಬರೆದರೆ ಮಿಕ್ಕ ಯಾವ ಅಂಕಿಗೂ ಬೆಲೆಯಿಲ್ಲ. ಇವೆರಡನ್ನೂ ವಾದಿರಾಜನಿಗೆ ಕಲಿಸಿದವನು ನಾನು. ಒಮ್ಮೆ ಅವನು ಹಸಿ ಹಾಳೆ ತೂಗಿದ್ದಕ್ಕೆ ಎಲ್ಲರೆದುರು ಬೈದಿದ್ದೆ ಕೂಡ.

ಅವನ ಫ್ಯಾಕ್ಟರಿ ಡೊಂಬಿವಲಿಯ ಕೈಗಾರಿಕಾ ವಸಾಹತಿನಲ್ಲಿ ತಗಡಿನ ಮಾಡಿನ ಒಂದು ಉದ್ದನೆಯ ಕೊಠಡಿ. ಏಳೆಂಟು ಜನ ಕೆಲಸದವರು, ಹೆಚ್ಚಿನವರು ಬಿಜಾಪುರ, ರಾಯಚೂರು ಕಡೆಯವರು. ಮೇಲ್ವಿಚಾರಣೆ ನೀಲವ್ವನದು, ಸಿಂದಗಿ ಕಡೆಯ ಗಟ್ಟಿ ಹೆಂಗಸು. ರಾಡಿಯನ್ನು ಅಂಗೈಯಲ್ಲಿ ಹಿಂಡಿ, ನೀರು ಇಳಿಯುವುದನ್ನು ನೋಡಿ ಹದ ಹೇಳುತ್ತಿದ್ದಳು. ಅವಳ ಕೈ ನನ್ನ ಕೈಗಿಂತ ನಿಖರವಾಗಿತ್ತು. ಅವಳ ಮೇಲೂ ಹೊಟ್ಟೆ ಉರಿಯಿತೆಂದರೆ ನನ್ನ ಸ್ಥಿತಿ ಊಹಿಸಬಹುದು.

ವಾದಿರಾಜ ತನ್ನ ದಾಖಲೆ ಪುಸ್ತಕವನ್ನೇ ನನ್ನ ಮುಂದಿಟ್ಟ. “ಯಾವ ಹಲಗೆ ಬೇಕೋ ನೀವೇ ತೆಗೀರಿ. ಎಂತ ಬಂತೋ ಅದನ್ನೇ ಬರೀರಿ. ನಾನು ಇಲ್ಲಿ ನಿಲ್ಲುದಿಲ್ಲ, ನಿಂತ್ರೆ ನಿಮಗೆ ದಾಕ್ಷಿಣ್ಯ ಆಗ್ತದೆ,” ಎಂದು ಛತ್ರಿ ಹಿಡಿದು ಯಾರಿಗೋ ಫೋನು ಮಾಡಲು ಪಕ್ಕದ ಕಂಪನಿಗೆ ಹೋದ.

ಒಣಗಿಸಿದ ಹಲಗೆಗಳು ಒಲೆಯ ಹಿಂದಿನ ಅಟ್ಟದ ಮೇಲಿದ್ದವು. ಬಾಗಿಲ ಬಳಿ ಬೇರೆ ಐದಾರು ಒರಗಿಸಿದ್ದರು. ಅವುಗಳ ಮೇಲೆ ರಾತ್ರಿಯಿಡೀ ಮಳೆಯ ಎರಚಲು ಬಿದ್ದಿತ್ತು. ಎರಡನ್ನೂ ನೋಡಿದೆ. ಪುಸ್ತಕ ತಿರುವಿದೆ. ಸೋತ ಪ್ರಯೋಗಗಳನ್ನೂ ಒಂದೂ ಬಿಡದೆ ಬರೆದಿಟ್ಟಿದ್ದ, ನೂರಕ್ಕೂ ಹೆಚ್ಚು. ಇಷ್ಟು ಸಲ ಸೋಲಲು ನನಗೆ ಆಗುತ್ತಿತ್ತೇ? ಆಗುತ್ತಿರಲಿಲ್ಲ. ಅದು ಗೊತ್ತಾದದ್ದೇ ತಡ, ಎದ್ದು ಹೋಗಿ ಬಾಗಿಲ ಬಳಿಯ ಹಲಗೆಯೊಂದನ್ನು ಎತ್ತಿಕೊಂಡೆ.

“ಸಾಹೇಬ್ರ, ಅದು ಹಸಿ ಐತ್ರಿ,” ಎಂದಳು ನೀಲವ್ವ. “ಅಟ್ಟದ ಮ್ಯಾಗಿಂದು ತಗೋರಿ.”

“ಇರಲಿ ಬಿಡವಾ.”

“ಹಸೀದು ಪರೀಕ್ಷಾ ಮಾಡಬಾರ್ದಂತ್ರಿ. ಒಂದ್ ಹಗಲ, ಒಂದ್ ರಾತ್ರಿ ತೂಗಹಾಕ್ಬೇಕಂತ. ಸರ್ ದಿನಾ ಹೇಳ್ತಾರ್ರಿ.”

“ಸರ್‌ಗ ಯಾರ್ ಹೇಳ್ಯಾರ?”

“ಹುಬ್ಬಳ್ಯಾಗ ಅವರ ಗುರುಗೋಳ್ ಅದಾರಂತ್ರಿ. ಅವ್ರು ಕಲಿಸಿದ್ದಂತ. ಅವರ ಹೆಸರ್ ತಗೊಳ್ದ ಒಂದ್ ದಿನಾ ಇಲ್ರಿ ನಮ್ ಸರ್.”

ಆ ಗುರು ನಾನೇ ಎಂದು ಅವಳಿಗೆ ಗೊತ್ತಿರಲಿಲ್ಲ. ಹಲಗೆಯನ್ನು ಆಗಲೇ ಕಾದ ಕಬ್ಬಿಣದ ತಟ್ಟೆಯ ಮೇಲೆ ಇಟ್ಟಾಗಿತ್ತು. ತೆಗೆಯಬಹುದಿತ್ತು. ತೆಗೆಯಲಿಲ್ಲ. ಒಂದು ಗಂಟೆಯ ಮೇಲೆ ಹಲಗೆಯ ಮೇಲ್ಮೈ ಎಪ್ಪತ್ತೊಂದು ಡಿಗ್ರಿ ತೋರಿಸಿತು. ವಾದಿರಾಜನ ಪುಸ್ತಕದಲ್ಲಿ ಒಣ ಹಲಗೆಯದು ನಲವತ್ತೆಂಟು. ಮೇಲ್ಮೈ ಬಿಸಿಯಾದಷ್ಟೂ ಹಲಗೆ ಶಾಖ ತಡೆಯುತ್ತಿಲ್ಲ ಎಂದರ್ಥ, ತೇವ ಕುಡಿದ ಹಲಗೆ ತಡೆಯುವುದೂ ಇಲ್ಲ. ಎಪ್ಪತ್ತೊಂದು ಎಂದು ಬರೆದು ಸಹಿ ಮಾಡಿದೆ. ಹಸಿ ಎಂದು ಎಲ್ಲಿಯೂ ಬರೆಯಲಿಲ್ಲ. ಹಲಗೆಯ ಮೂಲೆಯಲ್ಲಿ ಹೆಸರಷ್ಟೇ ಹಾಕಿದೆ.

ವಾದಿರಾಜ ಬಂದು ಪುಸ್ತಕ ನೋಡಿದ. ಮುಖ ಸಪ್ಪಗಾಯಿತು. “ಆಯ್ತು ಮಲ್ಲಣ್ಣ. ನೀವು ಬರೆದದ್ದು,” ಎಂದಷ್ಟೇ ಹೇಳಿ ನನಗೆ ಚಹಾ ತರಿಸಿದ. ಆ ಸಂಜೆ ಊಟದ ಹೊತ್ತಿಗೂ ಅವನು ಮನೆಗೆ ಬರಲಿಲ್ಲ. ಸುಮತಿ ನನಗೊಬ್ಬನಿಗೇ ಬಡಿಸಿದರು. ಗೆದ್ದವನ ಹಾಗೆ ಉಣ್ಣಬೇಕಾಗಿತ್ತು. ಅರ್ಧ ಅನ್ನ ತಟ್ಟೆಯಲ್ಲೇ ಬಿಟ್ಟು ಎದ್ದೆ.

ನಾಲ್ಕನೆಯ ದಿನ ಬೆಳಿಗ್ಗೆ ಕಲ್ಯಾಣದಿಂದ ನನ್ನ ಗಾಡಿ. ವಾದಿರಾಜ ಕಂಕುಳಲ್ಲಿ ಕಾಗದ ಸುತ್ತಿದ ಹಲಗೆ ಹಿಡಿದು ಬಂದ. ಕಣ್ಣು ಕೆಂಪಗಿದ್ದವು, ಆದರೆ ಮುಖ ಅರಳಿತ್ತು. ಗಾಡಿ ನಲವತ್ತು ನಿಮಿಷ ತಡವೆಂದು ಹೇಳಿದರು. ಬೆಂಚಿನ ಮೇಲೆ ಕೂತೆವು.

“ನಿನ್ನೆ ನೀಲವ್ವ ಹೇಳಿದ್ಲು, ನೀವು ಹಸಿ ಹಲಗೆಯನ್ನೇ ತೆಗೆದ್ರಿ ಅಂತ,” ಎಂದ.

ನಾನು ಗಾಡಿ ಬರುವ ದಿಕ್ಕಿಗೆ ಕತ್ತು ಚಾಚಿದೆ.

“ಮೊದ್ಲು ಅರ್ಥ ಆಗ್ಲಿಲ್ಲ. ಆಮೇಲೆ ಯೋಚಿಸಿದೆ. ಹಸಿ ತೂಗಿದ್ದಕ್ಕೆ ನನ್ನನ್ನು ಬೈದವರು ನೀವು. ಸುಮ್ಮನೆ ತೆಗೆಯುವವರಲ್ಲ. ನಿಮ್ಮ ಮಿಲ್ಲಿನಲ್ಲಿ ಹೊದಿಕೆಯ ಒಳಗೆ ಹಸಿ ಕಾಗದದ ಹಬೆ, ಹೊರಗೆ ಸೋರುವ ಮಾಡು. ಅಲ್ಲಿ ಯಾವ ಹಲಗೆ ಒಣಗಿರ್ತದೆ? ನಾನು ಒಣ ಹಲಗೆಯ ಅಂಕಿ ಹಿಡ್ಕೊಂಡು ಕುಣೀತಿದ್ದೆ. ಇಷ್ಟು ಜನ ಬಂದು ನೋಡಿದ್ರು, ಒಬ್ರೂ ಇದನ್ನು ತೋರಿಸ್ಲಿಲ್ಲ. ನೀವು ತೋರಿಸಿದ್ರಿ.” ಕಾಗದ ಬಿಚ್ಚಿದ. “ಆರು ಮುಖಕ್ಕೂ ರಾಳ, ಪಟಿಕ ಬಳಿದಿದ್ದೇನೆ, ನಾವು ಕಾಗದಕ್ಕೆ ಹಾಕ್ತಿದ್ದೆವಲ್ಲ, ಅದೇ. ನೀರು ಹಾಕಿದ್ರೆ ಜಾರಿ ಹೋಗ್ತದೆ. ನೀವು ಪರೀಕ್ಷೆ ಮಾಡಿದ ಹಲಗೆಯನ್ನೇ ಒಲೆಯ ಮೇಲೆ ಒಣಗಿಸಿ ಬಳಿದದ್ದು. ಪೇಟೆಂಟಿಗೆ ಅರ್ಜಿ ಹಾಕುವಾಗ ನಿಮ್ಮ ಹೆಸರೂ ಹಾಕ್ತೇನೆ. ಬೇಡ ಅನ್ಬೇಡಿ.”

ಹಲಗೆಯ ಮೂಲೆಯಲ್ಲಿ ನನ್ನ ಹೆಸರಿನ ಕೆಳಗೆ ಅವನು ಪೆನ್ಸಿಲಿನಿಂದ ತುಂಬಿಸಿದ್ದ: ‘ಬಾಗಿಲ ಬಳಿಯದು. ಹಸಿ. ಮಳೆಗಾಲದ ಪರೀಕ್ಷೆಗೆಂದು ಮಲ್ಲಣ್ಣ ತೆಗೆದದ್ದು.’

ನಲವತ್ತು ನಿಮಿಷ ಇತ್ತು. ನಿಜ ಹೇಳಲು ಒಂದು ನಿಮಿಷ ಸಾಕಾಗಿತ್ತು. ನಾನು ಮಿರಜದ ಉಸಳ್ ಬಹಳ ಖಾರ ಎಂಬ ವಿಷಯ ಮಾತಾಡಿದೆ. ಗಾಡಿ ಬಂತು. ಅವನು ಕಿಟಕಿಯೊಳಗೆ ಕೈಹಾಕಿ ಸುಮತಿ ಕೊಟ್ಟ ಬುತ್ತಿಯನ್ನೂ ಹಲಗೆಯನ್ನೂ ನನ್ನ ಪಕ್ಕ ಇಟ್ಟ. ಗಾಡಿ ಹೊರಟಾಗ ತಿರುಗಿ ನೋಡಿದೆ. ಮಳೆಯಲ್ಲಿ ಛತ್ರಿ ಬಿಚ್ಚುವುದನ್ನೂ ಮರೆತು ಕೈಬೀಸುತ್ತಿದ್ದ.

ಹುಬ್ಬಳ್ಳಿಗೆ ಬಂದವನು ಹಲಗೆಯನ್ನು ಪ್ರಯೋಗಾಲಯದ ಒಣ ಕೋಣೆಯಲ್ಲಿ ಒಂದು ಹಗಲು ಒಂದು ರಾತ್ರಿ ನೇತುಹಾಕಿದೆ. ಪರೀಕ್ಷಿಸಿದೆ: ನಲವತ್ತೇಳು. ಬಕೆಟ್ಟು ನೀರು ಸುರಿದು, ಒರೆಸಿ, ಮತ್ತೆ ಪರೀಕ್ಷಿಸಿದೆ: ನಲವತ್ತೊಂಬತ್ತು. ಅಂಕಿ ನೋಡಿ ಮೊದಲು ಆದದ್ದು ಸಂತೋಷವಲ್ಲ. ಒಂದೇ ರಾತ್ರಿಯಲ್ಲಿ ಮಾಡಿದನಲ್ಲ ಎಂದು ಮತ್ತೆ ಅದೇ ಉರಿ. ಆದರೂ ಎರಡೂ ಅಂಕಿ ಬರೆದು ಸಾಹುಕಾರರ ಮುಂದಿಟ್ಟೆ. “ಹೂಂ ಅಂತೀಯೋ?” ಎಂದರು. “ಹೂಂರಿ,” ಎಂದೆ. ಆ ದಿನವೇ ಆರ್ಡರು ಹೋಯಿತು.

ಹಲಗೆ ನನ್ನ ಮೇಜಿನ ಮೇಲೆ ಎರಡು ದಿನ ಇತ್ತು. ಮೂಲೆಯ ಆ ಬರಹದಲ್ಲಿ ಒಂದು ಸುಳ್ಳಿತ್ತು, ಮತ್ತು ಅದನ್ನು ಬರೆದವನಿಗೆ ಅದು ಸುಳ್ಳೆಂದು ಗೊತ್ತಿರಲಿಲ್ಲ. ಮೂರನೆಯ ದಿನ ಪೆನ್ಸಿಲು ಚೂಪು ಮಾಡಿ, ‘ಮಳೆಗಾಲದ ಪರೀಕ್ಷೆಗೆಂದು’ ಎಂಬುದರ ಮೇಲೆ ಗೆರೆ ಎಳೆದು ಕೆಳಗೆ ಬರೆದೆ: ‘ಹೊಟ್ಟೆಕಿಚ್ಚಿನಿಂದ, ಹಸಿ ಎಂದು ಗೊತ್ತಿದ್ದೇ ತೆಗೆದದ್ದು. ಪೇಟೆಂಟಿಗೆ ನನ್ನ ಹೆಸರು ಬೇಡ. ಮಲ್ಲಿಕಾರ್ಜುನ.’ ಅದನ್ನು ಹಳೆಯ ಗೋಣಿತಟ್ಟಿನಲ್ಲಿ ಹೊಲಿದು, ಡೊಂಬಿವಲಿಯ ವಿಳಾಸ ಬರೆದು ಅಂಚೆ ಕಚೇರಿಗೆ ಒಯ್ದೆ.

ಗುಮಾಸ್ತ ಪಾರ್ಸೆಲ್ಲನ್ನು ತಕ್ಕಡಿಗೆ ಹಾಕಿದ. “ಒಳಗೇನೈತ್ರಿ?”

“ರಟ್ಟಿನ ಹಲಗಿ.”

“ಪತ್ರಾ ಗಿತ್ರಾ ಇಟ್ಟೀರೇನು? ಇದ್ರ ಹೇಳ್ರಿ ಮೊದ್ಲ.”

“ಐತ್ರಿ,” ಎಂದೆ. “ಕಲ್ಯಾಣದಾಗ ಹೇಳೂದು ಬಿಟ್ಟು ಬಂದಿದ್ದೆ.”